ಸ್ಪರ್ಧಾ ಪಿಸ್ತೂಲಿನ ಮ್ಯಾಗಜಿನ್ ಸರಿಪಡಿಸುವ ಕ್ರಮ: ಇಕ್ಕಳ ಹಿಡಿಯುವ ಮುನ್ನ ಮಾಡಬೇಕಾದ ಕೆಲಸಗಳು

ಮ್ಯಾಗಜಿನ್ ಎಂದರೆ ಪಿಸ್ತೂಲಿಗೆ ತೋಟಾ ಒದಗಿಸುವ ಸಣ್ಣ ಡಬ್ಬಿ. ನನ್ನ ರಿಪೇರಿ ಮೇಜಿಗೆ ಬರುವ ಮ್ಯಾಗಜಿನ್‌ಗಳಲ್ಲಿ ಹೆಚ್ಚಿನವು ಎರಡು ಸಲ ಕೆಟ್ಟಂಥವು. ಮೊದಲ ಸಲ ತಾವಾಗಿಯೇ ಕೆಟ್ಟಿರುತ್ತವೆ. ಎರಡನೆಯ ಸಲ ಸರಿಮಾಡಲು ಹೋದವರು ಕೆಡಿಸಿರುತ್ತಾರೆ. 25 ಮೀಟರ್ ಪಿಸ್ತೂಲ್ ಸ್ಪರ್ಧೆಯ ರ‍್ಯಾಪಿಡ್ ಹಂತದಲ್ಲಿ ಗುರಿ ತೆರೆದಿರುವುದು ಮೂರೇ ಸೆಕೆಂಡು. ಕೈ ಎತ್ತಿ ಟ್ರಿಗರ್ ಎಳೆದರೆ ಸದ್ದಿಲ್ಲ. ನೋಡಿದರೆ ತೋಟಾ ಚೇಂಬರಿನ, ಅಂದರೆ ಅದು ಕೂರಬೇಕಾದ ನಳಿಕೆಯ ಹಿಂತುದಿಯ, ಬಾಯಿಯಲ್ಲಿ ಮೂಗು ಒತ್ತಿಕೊಂಡು ನಿಂತಿದೆ. ಆ ಸಿಟ್ಟಿನಲ್ಲೇ, ಯಾರೋ ಹೇಳಿದರೆಂದು, ಮ್ಯಾಗಜಿನ್‌ನ ತುಟಿಗಳನ್ನು (ಬಾಯಿಯಲ್ಲಿ ತೋಟಾವನ್ನು ಹಿಡಿದಿಡುವ, ಒಳಕ್ಕೆ ಬಾಗಿದ ಅಂಚುಗಳನ್ನು) ಇಕ್ಕಳದಲ್ಲಿ ಅದುಮುತ್ತಾರೆ. ಮುಂದಿನ ವಾರ ಒಂದು ತೊಂದರೆಯ ಜಾಗದಲ್ಲಿ ಎರಡು ಇರುತ್ತವೆ.

ಕೆಲಸಕ್ಕಿಂತ ಕೆಲಸದ ಕ್ರಮ ಇಲ್ಲಿ ಮುಖ್ಯ. ತಪ್ಪಾದರೆ ಮತ್ತೆ ಹಿಂದಿನಂತೆಯೇ ಮಾಡಬಹುದಾದ ಕೆಲಸಗಳು ಮೊದಲು, ಲೋಹ ಬಗ್ಗಿಸುವಂಥದ್ದು ಕಟ್ಟಕಡೆಗೆ.

ಮುಂದೆ ಹೇಳುವುದೆಲ್ಲ ‘.22 ಲಾಂಗ್ ರೈಫಲ್’ ಎಂಬ ಹೆಸರಿನ ತೋಟಾ ಹಾಕುವ ಸ್ಪರ್ಧಾ ಪಿಸ್ತೂಲುಗಳಿಗೆ. ಪಾರ್ದಿನಿ ಎಸ್‌ಪಿ, ವಾಲ್ಟರ್ ಜಿಎಸ್‌ಪಿ, ಮೊರಿನಿ ಸಿಎಂ22ಎಂಗಳಂತೆ ಮ್ಯಾಗಜಿನ್ ಟ್ರಿಗರಿನ ಮುಂದೆ ಕೂರುವಂಥದ್ದಾಗಲಿ, ಹ್ಯಾಮರ್ಲಿ 208ರಂತೆ ಹಿಡಿಯ ಒಳಗೆ ಕೂರುವಂಥದ್ದಾಗಲಿ, ತತ್ವ ಒಂದೇ. ಮಲೆನಾಡಿನ ಕೋವಿಯವರ ರೂಢಿಯಂತೆ ಇಡೀ ಕಾಟ್ರಿಜ್ ಅನ್ನು ‘ತೋಟಾ’ ಎಂದೂ, ಅದರ ತುದಿಯ ಸೀಸವನ್ನು ಮಾತ್ರ ‘ಗುಂಡು’ ಎಂದೂ ಕರೆಯುತ್ತೇನೆ. ಎರಡನ್ನೂ ಬೆರೆಸಿದರೆ ಈ ವಿಷಯ ಅರ್ಥವಾಗುವುದು ಕಷ್ಟ.

## ಕೆಲಸಕ್ಕೆ ಕೂರುವ ಮುನ್ನ

ಪಿಸ್ತೂಲಿನಿಂದ ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ (ತೋಟಾವನ್ನು ಚೇಂಬರಿಗೆ ತಳ್ಳುವ ಲೋಹದ ತುಂಡು) ಹಿಂದಕ್ಕೆಳೆದು ಚೇಂಬರನ್ನು ಕಣ್ಣಿನಿಂದ ನೋಡಿ, ನಂತರ ಕಿರುಬೆರಳಿನಿಂದ ಮುಟ್ಟಿ ನೋಡಿ. ಚೇಂಬರಿನಲ್ಲಿ ಬಣ್ಣದ ಸುರಕ್ಷತಾ ದಾರ ಅಥವಾ ಫ್ಲ್ಯಾಗ್ ಇಡಿ. ಸಜೀವ ತೋಟಾಗಳ ಡಬ್ಬಿ ಕೆಲಸದ ಕೋಣೆಯಲ್ಲೇ ಇರಬಾರದು. ಮನೆಯಲ್ಲಿ ‘ಒಂದೇ ಒಂದು ಸಲ ನೋಡೋಣ’ ಎಂದು ಸಜೀವ ತೋಟಾವನ್ನು ಚೇಂಬರಿಗೆ ಹತ್ತಿಸುವುದು ಖಂಡಿತ ಬೇಡ. ಆ ಪರೀಕ್ಷೆಗೆ ಜಾಗ ಶೂಟಿಂಗ್ ರೇಂಜ್ ಮಾತ್ರ, ಅದೂ ನಳಿಕೆ ಗುರಿಯ ದಿಕ್ಕಿನಲ್ಲಿರುವಾಗ.

ಕಾನೂನಿನ ಮಾತು ಒಂದಿದೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳುವುದಕ್ಕೆ ಮಾತ್ರವಲ್ಲ, ದುರಸ್ತಿ ಮಾಡುವುದಕ್ಕೂ ಪರವಾನಗಿ ಬೇಕು. ಆದ್ದರಿಂದ ಗಮನಿಸುವುದು, ಬರೆದಿಡುವುದು, ಸ್ವಚ್ಛಗೊಳಿಸುವುದು ನಿಮ್ಮ ಕೆಲಸ. ಲೋಹ ಬಗ್ಗಿಸುವ ಏಳನೆಯ ಹಂತವನ್ನು ಪರವಾನಗಿ ಇರುವ ಕುಶಲಕರ್ಮಿಯ ಕೈಯಲ್ಲಿ ಮಾಡಿಸಿ. ಆದರೆ ಅವರ ಪಕ್ಕದಲ್ಲಿ ನಿಂತು ‘ಎಡ ತುಟಿಯ ಮುಂತುದಿ ಇಷ್ಟು ಹೊರಗೆ ಹೋಗಿದೆ’ ಎಂದು ತೋರಿಸಬಲ್ಲಷ್ಟು ನಿಮಗೆ ಗೊತ್ತಿರಬೇಕು. ಹೊರದೇಶಗಳಲ್ಲಿ ಶೂಟಿಂಗ್ ಮಾಡುವ ಕನ್ನಡಿಗರು ಅಲ್ಲಿನ ನಿಯಮ ನೋಡಿಕೊಳ್ಳಲಿ.

## ಬೇಕಾದ ಸಾಮಾನು

ಹಳೆಯ ಹಲ್ಲುಜ್ಜುವ ಬ್ರಷ್, ನೂಲು ಬಿಡದ ಹತ್ತಿ ಬಟ್ಟೆ, ಐಸೊಪ್ರೊಪೈಲ್ ಆಲ್ಕೊಹಾಲ್, ಮರದ ಹಲ್ಲುಕಡ್ಡಿಗಳು, ಸಣ್ಣ ಟಾರ್ಚ್, ಭೂತಗನ್ನಡಿ, ಡಿಜಿಟಲ್ ವರ್ನಿಯರ್ ಕ್ಯಾಲಿಪರ್, ಅಳಿಸದ ಮಾರ್ಕರ್ ಪೆನ್, ಕಣ್ಣಿಗೆ ಸುರಕ್ಷತಾ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್, ಹತ್ತಾದರೂ .22 ಡಮ್ಮಿ (ಮದ್ದಿಲ್ಲದ) ತೋಟಾಗಳು, ಒಂದು ನೋಟ್‌ಬುಕ್. ಕೊನೆಯ ಹಂತಕ್ಕೆ ಹಲ್ಲಿಲ್ಲದ, ನಯವಾದ ದವಡೆಯ ಸಣ್ಣ ಇಕ್ಕಳ.

ಎಲ್ಲಕ್ಕಿಂತ ಮುಖ್ಯವಾದ ಉಪಕರಣ ಅಂಗಡಿಯಲ್ಲಿ ಸಿಗುವುದಿಲ್ಲ. ಅದು ನಿಮ್ಮದೇ ಪಿಸ್ತೂಲಿನಲ್ಲಿ ಎಂದೂ ತಕರಾರು ಮಾಡದ ಇನ್ನೊಂದು ಮ್ಯಾಗಜಿನ್. ಅಂತರ, ಎತ್ತರ, ಸ್ಪ್ರಿಂಗಿನ ಉದ್ದ ಎಲ್ಲಕ್ಕೂ ಅದೇ ಅಳತೆಗೋಲು. ‘ತುಟಿಗಳ ನಡುವೆ ಇಷ್ಟು ಮಿಲಿಮೀಟರ್ ಇರಬೇಕು’ ಎಂಬ ಸಂಖ್ಯೆಯನ್ನು ನಾನು ಇಲ್ಲಿ ಕೊಡುವುದಿಲ್ಲ. ಮಾದರಿಯಿಂದ ಮಾದರಿಗೆ ಅದು ಬೇರೆ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹೊಂದಿಸಲು ಹೋಗಿ ಹಾಳಾದವನ್ನು ಸಾಕಷ್ಟು ನೋಡಿದ್ದೇನೆ.

ಸೀಸದ ಪುಡಿ ಹೊಟ್ಟೆಗೆ ಹೋಗಬಾರದು. ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ.

## ಹಂತ 1: ಸಿಕ್ಕಿಕೊಂಡ ತೋಟಾವನ್ನು ಓದಿ

ತೋಟಾ ಸಿಕ್ಕಿಕೊಂಡ ಕೂಡಲೇ ಬೋಲ್ಟ್ ಎಳೆದು ಕೆಡವಿಬಿಡುವುದು ಎಲ್ಲರ ಅಭ್ಯಾಸ. ಅಲ್ಲಿಗೆ ಸಾಕ್ಷಿ ಹೋಯಿತು. ತರಬೇತಿಯ ವೇಳೆ ಹೀಗಾದರೆ ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ನಳಿಕೆಯನ್ನು ಗುರಿಯ ಕಡೆಗೇ ಹಿಡಿದು, ಹತ್ತು ಸೆಕೆಂಡು ನೋಡಿ. ಪಕ್ಕದವರು ರೇಂಜ್ ಅಧಿಕಾರಿಯ ಒಪ್ಪಿಗೆಯಿಂದ ಮೊಬೈಲಿನಲ್ಲಿ ಒಂದು ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ಸ್ಪರ್ಧೆಯಲ್ಲಾದರೆ ಏನನ್ನೂ ಮುಟ್ಟದೆ, ಪಿಸ್ತೂಲನ್ನು ಗುರಿಯ ದಿಕ್ಕಿಗೇ ಹಿಡಿದುಕೊಂಡು ಖಾಲಿ ಕೈ ಎತ್ತಬೇಕು. ಅಧಿಕಾರಿ ಬರುವ ಮೊದಲೇ ಬೋಲ್ಟ್ ಮುಟ್ಟಿದರೆ ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ, ಅಂದರೆ ಐಎಸ್‌ಎಸ್‌ಎಫ್ ನಿಯಮದಂತೆ ಅದು ಒಪ್ಪಬಹುದಾದ ದೋಷವಾಗಿ ಉಳಿಯುವುದಿಲ್ಲ. ಮ್ಯಾಗಜಿನ್ ಸರಿಯಾಗಿ ಕೂರಿಸದೆ ಆದ ತೊಂದರೆಯನ್ನೂ ಅವರು ಒಪ್ಪುವುದಿಲ್ಲ.

ಏನು ನೋಡಬೇಕು?

ಗುಂಡಿನ ಮೂಗು ಕೆಳಕ್ಕೆ ಬಾಗಿ, ಚೇಂಬರಿನ ಕೆಳಗಿನ ಇಳಿಜಾರಿಗೆ ತಾಗಿ ನಿಂತಿದ್ದರೆ ಅದು ‘ಮೂಗು ಕೆಳಗೆ’. ಮೂಗು ಚೇಂಬರಿನ ಮೇಲಂಚಿಗೆ ಬಡಿದಿದ್ದರೆ, ಅಥವಾ ತೋಟಾ ಆಕಾಶ ನೋಡುತ್ತಿದ್ದರೆ ‘ಮೂಗು ಮೇಲೆ’. ಬೋಲ್ಟ್ ತೋಟಾದ ಹಿಂಬದಿಯನ್ನು ಹಿಡಿಯದೆ ಅದರ ಬೆನ್ನ ಮೇಲೆ ಹತ್ತಿ ನಿಂತಿದ್ದರೆ ‘ಬೋಲ್ಟ್ ಮೇಲೆ’. ಚೇಂಬರ್ ಖಾಲಿ, ಬೋಲ್ಟ್ ಪೂರ್ತಿ ಮುಚ್ಚಿದೆ, ತೋಟಾ ಮ್ಯಾಗಜಿನ್‌ನಲ್ಲೇ ಇದೆ ಎಂದಾದರೆ ‘ಹಿಡಿಯಲೇ ಇಲ್ಲ’. ಎರಡು ತೋಟಾ ಒಟ್ಟಿಗೆ ಹೊರಬಂದಿದ್ದರೆ ‘ಜೋಡಿ’. ನೋಟ್‌ಬುಕ್ಕಿಗೆ ಈ ಐದು ಹೆಸರು ಸಾಕು.

ತೋಟಾ ಹೊರತೆಗೆದ ಮೇಲೆ ಗುಂಡನ್ನು ಭೂತಗನ್ನಡಿಯಲ್ಲಿ ನೋಡಿ. .22ರ ಗುಂಡು ಮೆದು ಸೀಸ, ಮೇಲೆ ಮೇಣದ ಲೇಪ. ಉಗುರಿನ ಗೀರೂ ಅದರಲ್ಲಿ ಮೂಡುತ್ತದೆ. ಮೂಗಿನ ಕೆಳಗೆ ಅರ್ಧಚಂದ್ರದಂಥ ಗುರುತಿದ್ದರೆ ಇಳಿಜಾರಿಗೆ ಬಡಿದಿದೆ. ಒಂದೇ ಪಕ್ಕದಲ್ಲಿ ಉದ್ದನೆಯ ಹೆರೆದ ಗೆರೆಯಿದ್ದರೆ ಆ ಕಡೆಯ ತುಟಿಯಲ್ಲಿ ಮುಳ್ಳಿದೆ, ಇಲ್ಲವೇ ಅದು ಒಳಕ್ಕೆ ಬಂದಿದೆ. ಹಿತ್ತಾಳೆಯ ಕೊಳವೆಯ ನಡುವೆ ಅಡ್ಡಲಾಗಿ ಜಜ್ಜಿದ್ದರೆ ಬೋಲ್ಟ್ ಮೇಲೆ ಹತ್ತಿದ್ದು ಖಚಿತ. ಇಂಥ ಜಜ್ಜಿದ ತೋಟಾವನ್ನು ಮತ್ತೆ ತುಂಬಿ ಹೊಡೆಯಬೇಡಿ. ರೇಂಜಿನಲ್ಲಿ ಕೆಟ್ಟ ತೋಟಾಗಳಿಗೆಂದೇ ಇಟ್ಟ ಡಬ್ಬಿಗೆ ಹಾಕಿ.

## ಹಂತ 2: ಅಂಕೆ ಹಾಕಿ, ಲೆಕ್ಕ ಬರೆಯಿರಿ

ಎಲ್ಲ ಮ್ಯಾಗಜಿನ್‌ಗಳ ತಳಕ್ಕೂ ಮಾರ್ಕರಿನಿಂದ 1, 2, 3 ಎಂದು ಬರೆಯಿರಿ. ಪ್ರತಿ ತೊಂದರೆಗೂ ಒಂದು ಸಾಲು: ಯಾವ ಮ್ಯಾಗಜಿನ್, ತುಂಬಿದ ಐದರಲ್ಲಿ ಎಷ್ಟನೆಯ ತೋಟಾ, ಯಾವ ಬಗೆ, ಯಾವ ಕಂಪನಿಯ ತೋಟಾ, ಡಬ್ಬಿಯ ಮೇಲಿನ ಲಾಟ್ ಸಂಖ್ಯೆ. ನನ್ನ ಪುಸ್ತಕದ ಒಂದು ಪುಟ ಹೀಗಿದೆ:

ಮ್ಯಾ. 3 – 4ನೆಯದು – ಮೂಗು ಕೆಳಗೆ
ಮ್ಯಾ. 3 – 5ನೆಯದು – ಮೂಗು ಕೆಳಗೆ
ಮ್ಯಾ. 1 – ತೊಂದರೆ ಇಲ್ಲ
ಮ್ಯಾ. 3 – 5ನೆಯದು – ಹಿಡಿಯಲೇ ಇಲ್ಲ

ನಾಲ್ಕೇ ಸಾಲು. ಆದರೂ ಉತ್ತರ ಅಲ್ಲೇ ಇದೆ: ತೊಂದರೆ ಮೂರನೆಯ ಮ್ಯಾಗಜಿನ್‌ನದು, ಅದೂ ಕೊನೆಯ ತೋಟಾಗಳಲ್ಲಿ. ಸ್ಪ್ರಿಂಗ್ ಸೋತಿದೆ, ಇಲ್ಲವೇ ತೋಟಾಗಳನ್ನು ಕೆಳಗಿನಿಂದ ಎತ್ತುವ ಫಾಲೋವರ್ ಓರೆಯಾಗಿದೆ. ತುಟಿಗಳ ತಂಟೆಗೆ ಹೋಗುವ ಅಗತ್ಯವೇ ಇಲ್ಲ.

ಮೊದಲ ತೋಟಾವೇ ಸಿಕ್ಕಿಕೊಂಡರೆ ತುಂಬಿದ ರೀತಿಯನ್ನೋ ಒಳಗಿನ ಉಜ್ಜಾಟವನ್ನೋ ಅನುಮಾನಿಸಿ. ಯಾವುದೇ ಲಯವಿಲ್ಲದೆ ಎಲ್ಲೆಂದರಲ್ಲಿ ಆಗುತ್ತಿದ್ದರೆ ಕೊಳೆ ಅಥವಾ ತೋಟಾದ ಗುಣಮಟ್ಟ. ಎಲ್ಲ ಮ್ಯಾಗಜಿನ್‌ಗಳಲ್ಲೂ ಒಂದೇ ಬಗೆಯ ತೊಂದರೆ ಬರುತ್ತಿದ್ದರೆ ಮ್ಯಾಗಜಿನ್‌ಗಳನ್ನು ಬಿಟ್ಟುಬಿಡಿ, ದೋಷ ಪಿಸ್ತೂಲಿನಲ್ಲೋ ತೋಟಾದಲ್ಲೋ ಇದೆ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಸಂಗತಿ ಇದೆ. ತೋಟಾದ ಶಕ್ತಿ ಆ ಪಿಸ್ತೂಲಿಗೆ ಸಾಲದಿದ್ದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಹಿಂದಿನ ಖಾಲಿ ಕೊಳವೆಯನ್ನು ಹೇಗೋ ಹೊರಗೆಸೆದು, ಮುಂದಿನ ತೋಟಾದ ಹಿಂಬದಿಯವರೆಗೆ ತಲುಪದೆಯೇ ಮರಳಿಬಿಡುತ್ತದೆ. ನೋಡುವವರಿಗೆ ‘ಮ್ಯಾಗಜಿನ್ ಎತ್ತಿಕೊಡಲಿಲ್ಲ’ ಎನಿಸುತ್ತದೆ. ಕೊಳೆ ಕಟ್ಟಿದ ಬೋಲ್ಟ್, ಚಳಿಯಲ್ಲಿ ಗಟ್ಟಿಯಾದ ಗ್ರೀಸ್, ಸಡಿಲ ಮಣಿಕಟ್ಟು ಕೂಡ ಇದನ್ನೇ ಮಾಡಿಸುತ್ತವೆ. ಖಾಲಿ ಕೊಳವೆಗಳು ಎಂದಿಗಿಂತ ಹತ್ತಿರದಲ್ಲಿ, ನಿಮ್ಮ ಕಾಲ ಬಳಿಯೇ ಬೀಳುತ್ತಿದ್ದರೆ ಇದೇ ಕಾರಣವಿರಬಹುದು. ಬೇರೆ ಕಂಪನಿಯ ತೋಟಾದ ಎರಡು ಡಬ್ಬಿ ಹೊಡೆದು ನೋಡಿದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಶಕ್ತಿ ಹೆಚ್ಚಲಿ ಎಂದು ಹೈ ವೆಲಾಸಿಟಿ (ಗುಂಡು ಹೆಚ್ಚು ವೇಗದಲ್ಲಿ ಹಾರುವ) ತೋಟಾ ಹಾಕಬೇಡಿ. ಈ ಪಿಸ್ತೂಲುಗಳು ಸ್ಟ್ಯಾಂಡರ್ಡ್ ವೆಲಾಸಿಟಿಗೆ ಹದ ಮಾಡಿದಂಥವು.

## ಹಂತ 3: ತುಂಬುವ ರೀತಿ ಬದಲಿಸಿ

ಖರ್ಚಿಲ್ಲದ ಚಿಕಿತ್ಸೆ ಇದು; ಆದ್ದರಿಂದ ಮೊದಲೇ ಮಾಡಿ.

.22ರ ತೋಟಾಕ್ಕೆ ಹಿಂಬದಿಯಲ್ಲಿ ಹೊರಚಾಚಿದ ಅಂಚು, ಅಂದರೆ ರಿಮ್ ಇದೆ. ಕೊಳವೆ 5.7 ಮಿ.ಮೀ. ದಪ್ಪವಿದ್ದರೆ ರಿಮ್ ಸುಮಾರು 7 ಮಿ.ಮೀ. ಮ್ಯಾಗಜಿನ್‌ನಲ್ಲಿ ಒಂದರ ಮೇಲೊಂದು ಕೂತಾಗ ಮೇಲಿನ ತೋಟಾದ ರಿಮ್ ಕೆಳಗಿನದರ ರಿಮ್‌ಗಿಂತ ಮುಂದೆ ಇರಬೇಕು. ಮ್ಯಾಗಜಿನ್ ಓರೆಯಾಗಿರುವುದೂ ಇದೇ ಕಾರಣಕ್ಕೆ. ಮೇಲಿನದರ ರಿಮ್ ಹಿಂದೆ ಬಿದ್ದರೆ, ಮೇಲಿನದನ್ನು ಬೋಲ್ಟ್ ಮುಂದಕ್ಕೆ ತಳ್ಳಿದಾಗ ಕೆಳಗಿನದು ಕೊಕ್ಕೆಯಂತೆ ಹಿಡಿದುಕೊಳ್ಳುತ್ತದೆ. ಮೂಗು ಕೆಳಗೆ ಹೋಗುವುದು, ಜೋಡಿ ಬರುವುದು, ಪೂರ್ತಿ ನಿಂತೇಹೋಗುವುದು ಎಲ್ಲ ಇದರಿಂದ ಆಗಬಹುದು.

ಫಾಲೋವರನ್ನು ಇಳಿಸಲು ಮ್ಯಾಗಜಿನ್ ಪಕ್ಕದಲ್ಲಿರುವ ಗುಂಡಿಯನ್ನು (ಬಟನ್) ತಳದವರೆಗೆ ಎಳೆದು ಹಿಡಿದು ಐದನ್ನೂ ಸುರಿದು, ಗುಂಡಿಯನ್ನು ಪಟ್ಟನೆ ಬಿಡುವವರಲ್ಲಿ ಇದು ಸಾಮಾನ್ಯ. ಹಾಗೆ ಮಾಡಬೇಡಿ. ಒಂದೊಂದು ತೋಟಾಕ್ಕೂ ಗುಂಡಿಯನ್ನು ಅಷ್ಟಷ್ಟೇ ಇಳಿಸಿ, ತೋಟಾವನ್ನು ಮುಂದಿನಿಂದ ಒಳಕ್ಕೆ ಜಾರಿಸಿ, ಹಿಂಗೋಡೆಗೆ ತಾಗುವಂತೆ ಒತ್ತಿ. ಐದೂ ಆದ ಮೇಲೆ ಮ್ಯಾಗಜಿನ್‌ನ ಬೆನ್ನನ್ನು ಅಂಗೈಗೆ ಎರಡು ಸಲ ಮೆಲ್ಲನೆ ತಟ್ಟಿ. ಮೇಜಿಗೆ ಕುಟ್ಟಬೇಡಿ. ಗುಂಡಿಯ ಸೀಳಿನಿಂದ ಇಣುಕಿದರೆ ತೋಟಾಗಳು ಏಣಿಯ ಮೆಟ್ಟಿಲಿನಂತೆ ಸಮನಾಗಿ ಕೂತಿರಬೇಕು. ಒಂದು ಓರೆಯಾಗಿ ಕಂಡರೂ ತೆಗೆದು ಮತ್ತೆ ತುಂಬಿ.

## ಹಂತ 4: ಬಿಚ್ಚಿ ತೊಳೆಯಿರಿ

ಬಿಚ್ಚುವ ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ. ಕನ್ನಡಕ ಹಾಕಿಕೊಳ್ಳಿ. ತಳದ ಪ್ಲೇಟನ್ನು ಜಾರಿಸುವಾಗ ಹೆಬ್ಬೆರಳು ಸ್ಪ್ರಿಂಗಿನ ಮೇಲೆಯೇ ಇರಲಿ. ಇಲ್ಲವಾದರೆ ಅದು ಸೂರಿಗೆ ಹಾರಿ ಬೀರುವಿನ ಹಿಂದೆ ಬೀಳುತ್ತದೆ. ಸ್ಪ್ರಿಂಗಿನ ಯಾವ ತುದಿ ಮೇಲಿತ್ತು, ಅದರ ಬಾಲ ಯಾವ ಕಡೆಗಿತ್ತು ಎಂಬುದನ್ನು ಬರೆದುಕೊಳ್ಳಿ. ತಲೆಕೆಳಗಾಗಿ ಹಾಕಿದ ಸ್ಪ್ರಿಂಗ್ ಫಾಲೋವರನ್ನು ಮುಂದಕ್ಕೆ ಕುಸಿಯುವಂತೆ ಮಾಡುತ್ತದೆ. ‘ತೊಳೆದ ಮೇಲೆಯೇ ಕೆಟ್ಟದ್ದು’ ಎಂದು ಬರುವ ಮ್ಯಾಗಜಿನ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ.

ಒಳಗೆ ಸಿಗುವುದು ಬರೀ ಧೂಳಲ್ಲ. ಗುಂಡಿನ ಮೇಣ, ಸೀಸದ ಸಿಪ್ಪೆ, ಸುಡದೆ ಉಳಿದ ಮದ್ದು ಸೇರಿ ಕಾಡಿಗೆಯಂಥ ಅಂಟು. ಬ್ರಷ್ಷಿಗೆ ಆಲ್ಕೊಹಾಲ್ ಹಚ್ಚಿ ಉಜ್ಜಿ, ಮೂಲೆಗಳನ್ನು ಬಟ್ಟೆ ಸುತ್ತಿದ ಹಲ್ಲುಕಡ್ಡಿಯಿಂದ ತೆಗೆಯಿರಿ. ತುಟಿಗಳ ಒಳಮಗ್ಗುಲು ಮತ್ತು ಫಾಲೋವರಿನ ಅಡಿಭಾಗ ಬಿಟ್ಟುಹೋಗದಿರಲಿ. ಥಿನ್ನರ್, ಅಸಿಟೋನ್ ಬೇಡ, ಪ್ಲಾಸ್ಟಿಕ್ ಫಾಲೋವರ್ ಕೆಡಬಹುದು. ಸೀಮೆಎಣ್ಣೆ ಒಣಗಿದರೂ ಜಿಡ್ಡು ಬಿಡುತ್ತದೆ.

ಪೂರ್ತಿ ಒಣಗಿಸಿ. ಒಳಗೆ ಎಣ್ಣೆ ಹಾಕಬೇಡಿ. ಎಣ್ಣೆ ಹಾಕಿದ ಮ್ಯಾಗಜಿನ್ ಮೊದಲ ದಿನ ಬೆಣ್ಣೆಯಂತೆ ಓಡುತ್ತದೆ, ವಾರದಲ್ಲಿ ಅದೇ ಎಣ್ಣೆ ಕೊಳೆಯನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ. ತೋಟಾದ ಒಳಗಿನ ಸಿಡಿಮದ್ದಿಗೂ ಅದು ಒಳ್ಳೆಯದಲ್ಲ. ಮಂಗಳೂರು, ಕಾರವಾರದ ಕಡೆ ಮಳೆಗಾಲದಲ್ಲಿ ಉಕ್ಕಿನ ಮ್ಯಾಗಜಿನ್‌ಗೆ ತುಕ್ಕು ಹಿಡಿಯುವ ಭಯವಿದ್ದರೆ ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಹೊರಮೈಯನ್ನು ಮಾತ್ರ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಇಲ್ಲಿ ನನ್ನದೇ ಕಥೆ ಹೇಳಬೇಕು. ರಾಜ್ಯಮಟ್ಟದ ಸ್ಪರ್ಧೆಯೊಂದರ ಹಿಂದಿನ ರಾತ್ರಿ ನನ್ನ ಎರಡನೆಯ ಮ್ಯಾಗಜಿನ್ ಮೂಗು ಕೆಳಗೆ ಮಾಡುತ್ತಿತ್ತು. ಅವಸರದಲ್ಲಿ ಎಡ ತುಟಿಯನ್ನು ಇಕ್ಕಳದಲ್ಲಿ ಸ್ವಲ್ಪ ಬಿಡಿಸಿದೆ. ಡಮ್ಮಿ ತೋಟಾಗಳು ಚೆನ್ನಾಗಿ ಹೋದವು, ಸಮಾಧಾನದಿಂದ ಮಲಗಿದೆ. ಬೆಳಗ್ಗೆ ಅಭ್ಯಾಸದ ಐದು ಹೊಡೆತಗಳಲ್ಲೇ ತೋಟಾ ಆಕಾಶ ನೋಡಿತು. ಒಂದೇ ಮ್ಯಾಗಜಿನ್‌ನಲ್ಲಿ ಇಡೀ ಸ್ಪರ್ಧೆ ಮುಗಿಸಿದೆ. ವಾರದ ನಂತರ ಬಿಚ್ಚಿ ನೋಡಿದರೆ ಫಾಲೋವರಿನ ಕೆಳಗೆ, ಮುಂಬದಿಯ ಮೂಲೆಯಲ್ಲಿ, ಸಾಸಿವೆ ಗಾತ್ರದ ಸೀಸ-ಮೇಣದ ಉಂಡೆ. ತಪ್ಪು ಆ ಉಂಡೆಯದು, ಶಿಕ್ಷೆ ಆಗಿದ್ದು ತುಟಿಗೆ. ಆ ಮ್ಯಾಗಜಿನ್ ಮತ್ತೆಂದೂ ಹಳೆಯ ಹದಕ್ಕೆ ಬರಲಿಲ್ಲ.

## ಹಂತ 5: ಫಾಲೋವರ್ ಮತ್ತು ಸ್ಪ್ರಿಂಗ್

ಫಾಲೋವರ್ ಎಂದರೆ ತೋಟಾಗಳನ್ನು ಕೆಳಗಿನಿಂದ ಎತ್ತಿಹಿಡಿಯುವ ತುಂಡು. ತೊಳೆದ ಮ್ಯಾಗಜಿನ್‌ನಲ್ಲಿ, ಸ್ಪ್ರಿಂಗ್ ಇಲ್ಲದೆ, ಅದನ್ನು ಬರೀ ಬಿಟ್ಟರೆ ತನ್ನ ಭಾರಕ್ಕೆ ಜಾರಿ ತಳಕ್ಕೆ ಬರಬೇಕು. ಎಲ್ಲಾದರೂ ತಡೆದರೆ ಆ ಜಾಗಕ್ಕೆ ಟಾರ್ಚ್ ಹಿಡಿಯಿರಿ. ಗೋಡೆಯಲ್ಲಿ ತಗ್ಗು ಬಿದ್ದಿರುತ್ತದೆ, ಇಲ್ಲವೇ ಫಾಲೋವರಿನ ಅಂಚಿನಲ್ಲಿ ಮುಳ್ಳಿರುತ್ತದೆ. ಕೆಳಗೆ ಬಿದ್ದ ಮ್ಯಾಗಜಿನ್‌ಗಳ ಗೋಡೆ ಕಣ್ಣಿಗೆ ಕಾಣದಷ್ಟು ಒಳಗೆ ಬಂದಿರಬಹುದು. ವರ್ನಿಯರ್ ಅದನ್ನು ತೋರಿಸುತ್ತದೆ.

ಸ್ಪ್ರಿಂಗ್ ಹಾಕಿದ ಮೇಲೆ ಮರದ ಕಡ್ಡಿಯಿಂದ ಫಾಲೋವರನ್ನು ತಳದವರೆಗೆ ಒತ್ತಿ ನಿಧಾನವಾಗಿ ಬಿಡಿ. ಕಡ್ಡಿಯ ಹಿಂದೆಯೇ, ಒಂದೇ ಉಸಿರಿನಲ್ಲಿ ಮೇಲೆ ಬರಬೇಕು. ನಡುವೆ ನಿಂತು ಯೋಚಿಸಿದರೆ ದೋಷ. ಮೇಲೆ ಬಂದ ನಂತರ ಅದರ ಮೂಗನ್ನು ಕಡ್ಡಿಯಿಂದ ಕೆಳಕ್ಕೆ ಒತ್ತಿ ನೋಡಿ, ಒಳ್ಳೆಯ ಮ್ಯಾಗಜಿನ್‌ನದಕ್ಕಿಂತ ಸುಲಭವಾಗಿ ಬಾಗಿದರೆ ಸ್ಪ್ರಿಂಗಿನ ಮುಂಬದಿ ಸೋತಿದೆ.

ಸ್ಪ್ರಿಂಗನ್ನು ಹೊರತೆಗೆದು ಒಳ್ಳೆಯ ಮ್ಯಾಗಜಿನ್‌ನ ಸ್ಪ್ರಿಂಗಿನ ಪಕ್ಕದಲ್ಲಿ ನಿಲ್ಲಿಸಿ. ಒಂದು ಸುರುಳಿಯಷ್ಟು ಗಿಡ್ಡವಿದ್ದರೂ ಬದಲಿಸಿ. ಕೈಯಿಂದ ಎಳೆದು ಉದ್ದ ಮಾಡುವುದು ನಮ್ಮಲ್ಲಿ ಹಳೆಯ ಚಟ. ಅದು ಎರಡು ದಿನ ಕೆಲಸ ಮಾಡಿ ಮೂರನೆಯ ದಿನ, ಬೇಕಾದ ಹೊತ್ತಿಗೇ, ಕೈಕೊಡುತ್ತದೆ. ಆ ಮಾದರಿಗೇ ತಯಾರಕರು ಕೊಡುವ ಮೂಲ ಸ್ಪ್ರಿಂಗನ್ನೇ ಹಾಕಿ. ಹೆಚ್ಚು ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಮೇಲಿನ ತೋಟಾ ತುಟಿಗೆ ಗಟ್ಟಿಯಾಗಿ ಒತ್ತಿಕೊಂಡು ಮೊದಲ ತೋಟಾದ ತೊಂದರೆ ಶುರುವಾಗುತ್ತದೆ.

## ಹಂತ 6: ಮ್ಯಾಗಜಿನ್ ಎಷ್ಟು ಎತ್ತರಕ್ಕೆ ಕೂರುತ್ತದೆ

ಖಾಲಿ ಪಿಸ್ತೂಲಿಗೆ ಖಾಲಿ ಮ್ಯಾಗಜಿನ್ ಹಾಕಿ, ತಳದಿಂದ ಬೆರಳಿನಲ್ಲಿ ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ. ಎಲ್ಲ ಮ್ಯಾಗಜಿನ್‌ಗಳೂ ಅಷ್ಟಿಷ್ಟು ಆಡುತ್ತವೆ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕೆಳಗೆ ಜೋತುಬಿದ್ದರೆ ಅದರ ಕೊಂಡಿ ಹಿಡಿಯುವ ಕಚ್ಚು ಸವೆದಿದೆ. ಆಗ ತೋಟಾ ಬೋಲ್ಟಿನ ದಾರಿಗಿಂತ ತಗ್ಗಿನಲ್ಲಿ ಉಳಿದು ‘ಬೋಲ್ಟ್ ಮೇಲೆ’ ಅಥವಾ ‘ಹಿಡಿಯಲೇ ಇಲ್ಲ’ ಆಗುತ್ತದೆ. ಎಲ್ಲವೂ ಒಂದೇ ಸಮನೆ ಜೋತುಬಿದ್ದರೆ ಪಿಸ್ತೂಲಿನ ಕೊಂಡಿ ಸವೆದಿದೆ; ಅದು ಕುಶಲಕರ್ಮಿಯ ಕೆಲಸ.

ಇದಿಷ್ಟಕ್ಕೆ ಹತ್ತರಲ್ಲಿ ಎಂಟು ಮ್ಯಾಗಜಿನ್ ದಾರಿಗೆ ಬರುತ್ತವೆ ಎನ್ನುವುದು ನನ್ನ ಮೇಜಿನ ಅನುಭವ. ನಿಮ್ಮದೂ ಬಂದಿದ್ದರೆ ಏಳನೆಯ ಹಂತವನ್ನು ಬಿಟ್ಟು ನೇರ ಎಂಟಕ್ಕೆ ಹೋಗಿ. ಕುತೂಹಲಕ್ಕೆಂದು ತುಟಿ ಮುಟ್ಟಬೇಡಿ.

## ಹಂತ 7: ತುಟಿಗಳು

ಮ್ಯಾಗಜಿನ್‌ನ ಬಾಯಿಯಲ್ಲಿ ಒಳಕ್ಕೆ ಬಾಗಿದ ಎರಡು ಅಂಚುಗಳೇ ತುಟಿಗಳು, ಶೂಟರ್‌ಗಳ ಬಾಯಲ್ಲಿ ‘ಫೀಡ್ ಲಿಪ್ಸ್’. ತೋಟಾ ಯಾವ ಎತ್ತರದಲ್ಲಿ ಕಾಯಬೇಕು, ಯಾವ ಕೋನದಲ್ಲಿ ಏಳಬೇಕು, ಯಾವ ಗಳಿಗೆಯಲ್ಲಿ ಬಿಡುಗಡೆಯಾಗಬೇಕು ಎಂಬುದನ್ನು ತೀರ್ಮಾನಿಸುವುದು ಇವು.

ಮೊದಲು ಅಳೆಯಿರಿ. ಒಳ್ಳೆಯ ಮ್ಯಾಗಜಿನ್‌ನ ತುಟಿಗಳ ನಡುವಿನ ಅಂತರವನ್ನು ಹಿಂದೆ, ನಡುವೆ, ಮುಂದೆ ಮೂರು ಕಡೆ ಅಳೆದು ಬರೆಯಿರಿ. ಪ್ರತಿಯೊಂದನ್ನೂ ಮೂರು ಸಲ, ಏಕೆಂದರೆ ವರ್ನಿಯರ್ ಓರೆಯಾದರೆ ಸಂಖ್ಯೆ ಸುಳ್ಳು ಹೇಳುತ್ತದೆ. ನಂತರ ಒಂದೇ ಡಮ್ಮಿ ತೋಟಾ ತುಂಬಿ, ಅದರ ಮೂಗು ಎಷ್ಟು ಎತ್ತರದಲ್ಲಿದೆ ಎಂದು ಮ್ಯಾಗಜಿನ್‌ನ ಮುಂದಂಚಿನಿಂದ ಅಳೆಯಿರಿ. ಕೆಟ್ಟದ್ದಕ್ಕೂ ಅದೇ ಡಮ್ಮಿಯನ್ನೇ ಹಾಕಿ ಅಳೆಯಿರಿ. ಎರಡು ಪಟ್ಟಿಯ ನಡುವೆ ವ್ಯತ್ಯಾಸ ಕಾಣದಿದ್ದರೆ ತುಟಿ ನಿರಪರಾಧಿ, ಹಿಂದಿನ ಹಂತಗಳಿಗೆ ಮರಳಿ.

ಹಿಂದಿನಿಂದಲೂ ನೋಡಿ. ಎರಡು ತುಟಿಗಳ ಬಾಗು ಕನ್ನಡಿಯಲ್ಲಿ ಕಂಡಂತೆ ಒಂದನ್ನೊಂದು ಹೋಲಬೇಕು. ಕೆಳಗೆ ಬಿದ್ದ ಮ್ಯಾಗಜಿನ್‌ನಲ್ಲಿ ಸಾಮಾನ್ಯವಾಗಿ ಒಂದೇ ತುಟಿ ಕೆಟ್ಟಿರುತ್ತದೆ. ಆಗ ಕೆಟ್ಟದ್ದನ್ನು ಮಾತ್ರ ಸರಿಮಾಡಬೇಕು. ಅಂತರ ಸರಿಹೋಗಲೆಂದು ಒಳ್ಳೆಯ ತುಟಿಯನ್ನು ಒತ್ತುವುದು ಒಂದು ಕಾಲು ಗಿಡ್ಡವೆಂದು ಇನ್ನೊಂದನ್ನು ಕತ್ತರಿಸಿದಂತೆ.

ಯಾವ ದಿಕ್ಕಿಗೆ? ಸಾಮಾನ್ಯವಾಗಿ ಹೀಗೆ. ಸ್ಪ್ರಿಂಗ್ ಚೆನ್ನಾಗಿದ್ದೂ ಮೂಗು ಕೆಳಗೆ ಹೋಗುತ್ತಿದ್ದರೆ ತುಟಿಗಳ ಮುಂತುದಿ ಬಿಗಿಯಾಗಿದೆ. ತೋಟಾ ಏಳುವುದು ತಡವಾಗುತ್ತಿದೆ. ಮುಂತುದಿಯನ್ನು ಕೂದಲೆಳೆಯಷ್ಟು ಬಿಡಿಸಬೇಕು. ಮೂಗು ಮೇಲಕ್ಕೆ ಹೋಗುತ್ತಿದ್ದರೆ, ಇಲ್ಲವೇ ಜೋಡಿ ಬರುತ್ತಿದ್ದರೆ ಮುಂತುದಿ ಸಡಿಲ. ಅಷ್ಟೇ ಒಳಕ್ಕೆ ತರಬೇಕು. ಬೋಲ್ಟ್ ತೋಟಾದ ಮೇಲೆ ಹತ್ತುತ್ತಿದ್ದರೆ ತುಟಿಗಳ ಹಿಂಭಾಗ ನೋಡಿ, ಅಲ್ಲಿ ಬಿಗಿಯಾಗಿದ್ದರೆ ರಿಮ್ ತಗ್ಗಿನಲ್ಲಿ ಉಳಿಯುತ್ತದೆ.

ಎಷ್ಟು? ಮುದ್ರಣದ ಸಾಮಾನ್ಯ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಒಂದು ಸಲಕ್ಕೆ ಅದರ ಅರ್ಧ ಸಾಕು. ಇಕ್ಕಳದ ದವಡೆಗೆ ಟೇಪ್ ಸುತ್ತಿ, ತುಟಿಯನ್ನು ಅಗಲವಾಗಿ ಹಿಡಿದು, ಮಣಿಕಟ್ಟಿನಿಂದ ತಿರುಗಿಸದೆ ಬೆರಳಿನಿಂದ ಒತ್ತಡ ಕೊಡಬೇಕು. ಉಕ್ಕು ಸ್ವಲ್ಪ ಬಾಗಿ ಮತ್ತೆ ಮೊದಲಿನ ಜಾಗಕ್ಕೆ ಮರಳುತ್ತದೆ; ಎರಡನೆಯ ಸಲ ಇನ್ನೊಂದಿಷ್ಟು ಹೆಚ್ಚು ಒತ್ತಿದಾಗ ಮಾತ್ರ ನಿಲ್ಲುತ್ತದೆ. ಅವಸರದವರು ದಾಟಿಹೋಗುವುದು ಈ ಎರಡನೆಯ ಒತ್ತಿನಲ್ಲೇ. ಪ್ರತಿ ಒತ್ತಿನ ನಂತರ ಅಳೆದು, ಬರೆದು, ಡಮ್ಮಿ ಹಾಕಿ ನೋಡಿ. ಒಂದು ಸಲಕ್ಕೆ ಒಂದೇ ಜಾಗ.

ಅರ ತರಬೇಡಿ. ತುಟಿಯನ್ನು ಅರದಿಂದ ಉಜ್ಜಿದರೆ ಹೋದ ಲೋಹ ಮರಳಿ ಬರುವುದಿಲ್ಲ. ಒಳಮಗ್ಗುಲಲ್ಲಿ ಗುಂಡನ್ನು ಹೆರೆಯುವ ಮುಳ್ಳು ಕಂಡರೆ 2000ರ ನಂಬರಿನ ನುಣುಪು ಮರಳುಕಾಗದವನ್ನು (ವಾಟರ್ ಪೇಪರ್) ಹಲ್ಲುಕಡ್ಡಿಗೆ ಸುತ್ತಿ ನಾಲ್ಕು ಸಲ ಸವರಿದರೆ ಸಾಕು. ತುಟಿ ಪ್ಲಾಸ್ಟಿಕ್ಕಿನದಾಗಿದ್ದರೆ ಈ ಹಂತವೇ ಇಲ್ಲ. ಕೆಟ್ಟರೆ ಹೊಸದು ಕೊಳ್ಳುವುದೇ ದಾರಿ.

ಡಮ್ಮಿ ಪರೀಕ್ಷೆಯಲ್ಲಿ ಎರಡು ಎಚ್ಚರ. ಬೋಲ್ಟನ್ನು ಪೂರ್ತಿ ಹಿಂದಕ್ಕೆಳೆದು ಒಮ್ಮೆಗೇ ಬಿಡಿ. ಕೈಹಿಡಿದು ನಡೆಸಿದರೆ ಒಳ್ಳೆಯ ಮ್ಯಾಗಜಿನ್ ಕೂಡ ಸಿಕ್ಕಿಕೊಳ್ಳುತ್ತದೆ. ಖಾಲಿ ಚೇಂಬರಿನ ಮೇಲೆ ಟ್ರಿಗರ್ ಎಳೆಯಬೇಡಿ, ಹಲವು.22 ಪಿಸ್ತೂಲುಗಳಲ್ಲಿ ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ಗುಳಿ ಬೀಳಿಸುತ್ತದೆ, ಆಮೇಲೆ ಹೊಸ ಬಗೆಯ ತೊಂದರೆ. ಮೊಬೈಲಿನ ಸ್ಲೋ ಮೋಷನ್ ವಿಡಿಯೊ ಇಲ್ಲಿ ಬಹಳ ಉಪಕಾರಿ: ತೋಟಾ ತುಟಿ ಬಿಡುವ ಗಳಿಗೆ ಅದರಲ್ಲಿ ಕಾಣುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಡಮ್ಮಿ ಹಗುರ, ಅದಕ್ಕೆ ಮೇಣವೂ ಇಲ್ಲ, ಹಿಂದೆ ಗುಂಡು ಹಾರಿದ ಒದೆತವೂ ಇಲ್ಲ. ಅದು ಪಾಸಾದರೆ ಅರ್ಧ ಪಾಸು ಎಂದಷ್ಟೇ ಲೆಕ್ಕ.

## ಹಂತ 8: ರೇಂಜಿನಲ್ಲಿ ಪರೀಕ್ಷೆ

ನನ್ನ ಲೆಕ್ಕ ಹೀಗಿದೆ: ಒಂದು ಮ್ಯಾಗಜಿನ್‌ಗೆ ಐದೈದರಂತೆ ಹತ್ತು ಸಲ, ಒಟ್ಟು 50 ತೋಟಾ, ಒಂದೂ ತಕರಾರಿಲ್ಲದೆ. 50ರಲ್ಲಿ 49 ಎಂದರೆ ನಪಾಸು. ನೀವು ಸ್ಪರ್ಧೆಯಲ್ಲಿ ಬಳಸುವ ತೋಟಾದಲ್ಲೇ, ಸ್ಪರ್ಧೆಯ ಹಿಡಿತದಲ್ಲೇ, ಅರ್ಧದಷ್ಟನ್ನು ರ‍್ಯಾಪಿಡ್ ಲಯದಲ್ಲಿ ಹೊಡೆಯಿರಿ. ಇನ್ನೊಂದು ದಿನ, ಪಿಸ್ತೂಲನ್ನು ತೊಳೆಯದೆ 200 ಹೊಡೆತ ಆದ ಮೇಲೆ, ಇದೇ ಪರೀಕ್ಷೆ ಮತ್ತೊಮ್ಮೆ. ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ ನಿಮ್ಮ ಪಿಸ್ತೂಲು ಇರುವುದು ಆ ಸ್ಥಿತಿಯಲ್ಲೇ.

ಪರೀಕ್ಷೆಯ ತೋಟಾ ಡಬ್ಬಿಯನ್ನು ಕಾರಿನಲ್ಲಿ ಬಿಸಿಲಿಗೆ ಬಿಡಬೇಡಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಗುಂಡಿನ ಮೇಣ ಮೆದುವಾಗಿ ಕೊಳವೆಗೆ ಹರಿದರೆ ನಿನ್ನೆ ಸರಿಯಿದ್ದ ಮ್ಯಾಗಜಿನ್ ಇಂದು ಅಂಟುತ್ತದೆ.

.32 ವಾಡ್‌ಕಟರ್ ಎಂಬ ಮೊಂಡು ಗುಂಡಿನ ತೋಟಾ ಹೊಡೆಯುವ ‘ಸೆಂಟರ್ ಫೈರ್’ ಸ್ಪರ್ಧೆಯ ಶೂಟರ್‌ಗಳಿಗೂ ಕ್ರಮ ಇದೇ, ಆದರೆ ಅವರ ಗುಂಡಿಗೆ ಮೂಗೇ ಇಲ್ಲ. ಮೊಂಡು ತುದಿ ಕೊಳವೆಯ ಬಾಯಿಗೆ ಸಮನಾಗಿರುತ್ತದೆ. ಇಳಿಜಾರಿನಲ್ಲಿ ಜಾರಿ ದಾರಿ ಹುಡುಕಿಕೊಳ್ಳುವ ಅವಕಾಶ ಅದಕ್ಕಿಲ್ಲ, ಮ್ಯಾಗಜಿನ್ ನೇರವಾಗಿ ಚೇಂಬರಿಗೆ ಗುರಿಯಿಟ್ಟು ಕೊಡಬೇಕು. ಆ ಮ್ಯಾಗಜಿನ್‌ಗಳ ತುಟಿಯನ್ನು ನಾನು ಮುಟ್ಟುವುದಿಲ್ಲ. ತಯಾರಕರಿಂದ ಹೊಸದು ತರಿಸಲು ಹೇಳುತ್ತೇನೆ.

## ಇನ್ನು ಬಿಟ್ಟುಬಿಡಿ ಎನ್ನುವ ಗುರುತುಗಳು

ತುಟಿ ಬಾಗುವ ಮೂಲೆಯಲ್ಲಿ ಕೂದಲಿನಂಥ ಗೆರೆ ಕಂಡರೆ ಅದು ಗೀರಲ್ಲ, ಬಿರುಕು. ಉಗುರು ಅದರಲ್ಲಿ ಸಿಕ್ಕುತ್ತದೆ. ಗೋಡೆಯ ಬೆಸುಗೆ ಬಿಟ್ಟಿದ್ದರೆ, ತಳದ ಪ್ಲೇಟ್ ಹೊಡೆತಕ್ಕೆ ತಾನಾಗಿ ಜಾರುತ್ತಿದ್ದರೆ, ಒಂದೇ ತುಟಿಯನ್ನು ಮೂರನೆಯ ಸಲ ಸರಿಮಾಡಬೇಕಾಗಿ ಬಂದರೆ, ಅಲ್ಲಿಗೆ ನಿಲ್ಲಿಸಿ. ಬಿರುಕಿನ ಮ್ಯಾಗಜಿನ್ ಅನ್ನು ‘ಅಭ್ಯಾಸಕ್ಕಾದರೂ ಇರಲಿ’ ಎಂದು ಚೀಲದಲ್ಲಿ ಇಟ್ಟುಕೊಳ್ಳಬೇಡಿ. ಸ್ಪರ್ಧೆಯ ಬೆಳಗ್ಗೆ ಗಡಿಬಿಡಿಯಲ್ಲಿ ಕೈಗೆ ಸಿಗುವುದು ಅದೇ. ಪರೀಕ್ಷೆ ಪಾಸಾದವಕ್ಕೆ ತಳದಲ್ಲಿ ಹಸಿರು ಚುಕ್ಕೆ, ಅಭ್ಯಾಸದವಕ್ಕೆ ಕೆಂಪು ಚುಕ್ಕೆ ಇಡಿ. ಸ್ಪರ್ಧೆಯ ಪೆಟ್ಟಿಗೆಗೆ ಹಸಿರು ಚುಕ್ಕೆಯವು ಮಾತ್ರ ಹೋಗಲಿ.